ಗಿರಣಿ ಬೀದಿಯ ವಠಾರ: ಕೆಡವುವುದೋ, ಕಾಯುವುದೋ, ಉಳಿಸಿಕೊಳ್ಳುವುದೋ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಮಾಗಡಿ ರಸ್ತೆಯಿಂದ ಒಳಕ್ಕೆ, ಬಿನ್ನಿಪೇಟೆಯ ಒಂದು ಗಲ್ಲಿಯಲ್ಲಿದೆ. ಬಿನ್ನಿ ಮಿಲ್ಲಿನಲ್ಲಿ ನೇಯ್ಗೆ ಕೆಲಸಕ್ಕಿದ್ದ ತಾತ ಕೊಂಡ 40–60ರ ನಿವೇಶನದಲ್ಲಿ ಆರು ಮನೆಗಳ ವಠಾರ, ಮುಂದೆ ಒಂದು ಸಣ್ಣ ಅಂಗಡಿ ಇವೆ. ಎರಡು ಮನೆಗಳಲ್ಲಿ ಅಮ್ಮ, ನಾನು ಮತ್ತು ತಮ್ಮನ ಸಂಸಾರ ಇದ್ದೇವೆ. ಮೂರು ಮನೆಗಳನ್ನು ಭೋಗ್ಯಕ್ಕೆ ಕೊಟ್ಟಿದ್ದೇವೆ. ಅದರಿಂದ ಬಂದ 22 ಲಕ್ಷ ರೂಪಾಯಿ ತಂದೆಯ ಚಿಕಿತ್ಸೆಗೆ ಖರ್ಚಾಯಿತು. ಉಳಿದ ಒಂದು ಮನೆಯಲ್ಲಿ ಊದುಬತ್ತಿ ಹೊಸೆದು ಬದುಕುವ ವಯಸ್ಸಾದ ಹೆಂಗಸೊಬ್ಬರು ತಿಂಗಳ ಬಾಡಿಗೆಗೆ ಇದ್ದಾರೆ. ಮುಂದಿನ ಹತ್ತಡಿ ಅಂಗಡಿಯಲ್ಲಿ 26 ವರ್ಷದಿಂದ ಒಬ್ಬ ಟೈಲರ್ ಇದ್ದಾರೆ, ಬಾಡಿಗೆ 3,000 ರೂಪಾಯಿ. ಈಗ ಒಬ್ಬ ಬಿಲ್ಡರ್ ವಠಾರ ಕೆಡವಿ, ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿಗಳಲ್ಲಿ ಎಂಟು ಫ್ಲ್ಯಾಟ್ ಕಟ್ಟಿ ಅರ್ಧ ಕೊಡುತ್ತೇನೆ ಎನ್ನುತ್ತಿದ್ದಾರೆ. ಮೆಟ್ರೋ ಬಂತು, ಮಾಲ್ ಬಂತು, ಏರಿಯಾ ಉದ್ಧಾರವಾಗಿದೆ, ಇಂಥ ಅವಕಾಶ ಮತ್ತೆ ಬಾರದು ಎಂಬುದು ತಮ್ಮನ ವಾದ. ಇನ್ನೂ ಕಾಯಿರಿ, ಬೆಲೆ ದುಪ್ಪಟ್ಟಾಗುತ್ತದೆ ಎಂದು ಚಿಕ್ಕಪ್ಪನ ಸಮಾನರಾದ ಹಿರಿಯರೊಬ್ಬರು ಹೇಳುತ್ತಾರೆ. ಗೋಡೆಗಳು ಬಿರುಕು ಬಿಟ್ಟಿವೆ, ಸುಣ್ಣದ ಗಾರೆಯ ಮನೆಯ ಆಯಸ್ಸು ಮುಗಿದಿದೆ ಎಂದು ಬಿಲ್ಡರ್ ಹೆದರಿಸುತ್ತಿದ್ದಾರೆ. ಖಾತೆ ಇನ್ನೂ ತಾತನ ಹೆಸರಿನಲ್ಲಿದೆ. ತಂದೆ ಅವರ ಒಬ್ಬನೇ ಮಗ. ತಂಗಿಗೆ ಮದುವೆಯಲ್ಲಿ ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದೇವೆ. ಬಾಡಿಗೆಯವರನ್ನು ಬೀದಿಗೆ ಹಾಕಿದ ಪಾಪ ನಮಗೆ ಬೇಡ. ಆದರೆ ಇಷ್ಟು ವರ್ಷ ಇದ್ದವರು ಮನೆ ತಮ್ಮದೇ ಎನ್ನುತ್ತಾರೆಂಬ ಭಯವೂ ಇದೆ. ನಮ್ಮ ಬಡಾವಣೆ ನಿಜವಾಗಿಯೂ ಚೇತರಿಸಿಕೊಳ್ಳುತ್ತಿದೆಯೇ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬಡಾವಣೆಗೆ ಒಳ್ಳೆಯ ಕಾಲ ಬಂದಿದ್ದರೆ ಅದರಲ್ಲಿ ನಮ್ಮ ಪಾಲು ಕೈತಪ್ಪಬಾರದು ಎಂಬುದು ಒಂದು. ಆ ಪಾಲು ಪಡೆಯುವ ಭರದಲ್ಲಿ ಮನೆಯನ್ನೂ ಜೊತೆಗಿದ್ದವರನ್ನೂ ಕಳೆದುಕೊಳ್ಳಬಾರದು ಎಂಬುದು ಇನ್ನೊಂದು. ಹಳೆಯ ಕಟ್ಟಡಗಳ ಪರಿಶೀಲನೆ ಮತ್ತು ದುರಸ್ತಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ, ಬೆಂಗಳೂರಿನ ಪೇಟೆಗಳಲ್ಲಿ ಇದೇ ಪ್ರಶ್ನೆಯನ್ನು ಹೊತ್ತ ಅನೇಕ ಕುಟುಂಬಗಳ ಜೊತೆ ಕೂತು ಮಾತನಾಡಿದ್ದೇನೆ. ಅವಸರದಲ್ಲಿ ಸಹಿ ಮಾಡಿದವರೂ ಕಾಯುತ್ತಲೇ ಮನೆ ಕುಸಿಯಲು ಬಿಟ್ಟವರೂ ಅವರಲ್ಲಿ ಇದ್ದರು, ಇಬ್ಬರೂ ನಷ್ಟ ಅನುಭವಿಸಿದರು.

ಮೊದಲು ಬಡಾವಣೆಯ ಮಾತು. ನೀವಿರುವ ಭಾಗ ಹುಟ್ಟಿದ್ದೇ ಗಿರಣಿಯಿಂದ. ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ 1884ರಲ್ಲಿ ಸ್ಥಾಪನೆಯಾಗಿ, ಎರಡು ವರ್ಷದ ನಂತರ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದಿತು. ಜನರ ಬಾಯಲ್ಲಿ ಬಿನ್ನಿ ಮಿಲ್ ಎಂದೇ ಉಳಿಯಿತು. ಹತ್ತಿರದಲ್ಲೇ ಮಿನರ್ವ ಮಿಲ್, ಆಚೆ ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್. ಕಾನೂನು ಓದುವವರು ಮಿನರ್ವ ಮಿಲ್ಸ್ ಎಂಬ ಹೆಸರನ್ನು, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಮಿತಿಯಿದೆ ಎಂದು ಹೇಳಿದ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲರು. ನಿಮ್ಮ ತಾತನ ತಲೆಮಾರಿನವರಿಗೆ ಅದು ಪಾಳಿಗೆ ಎಬ್ಬಿಸುತ್ತಿದ್ದ ಒಂದು ಕೂಗು. ಆ ಕೂಗು ಕೇಳುವಷ್ಟು ಹತ್ತಿರದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಮನೆ ಬೇಕಿತ್ತು. ಹಾಗಾಗಿ ಗಲ್ಲಿಗಳು ಕಿರಿದಾದವು, ಒಂದೇ ನಲ್ಲಿಯನ್ನು ಆರು ಸಂಸಾರಗಳು ಹಂಚಿಕೊಳ್ಳುವ ವಠಾರಗಳು ಎದ್ದವು, ಸಂಬಳದ ದಿನ ತೀರುವ ಸಾಲದ ಮೇಲೆ ಕಿರಾಣಿ ಅಂಗಡಿಗಳು ನಡೆದವು. ಗಿರಣಿ ನಿಂತಾಗ ಬರೀ ಸಂಬಳ ನಿಲ್ಲಲಿಲ್ಲ. ಆ ಸಂಬಳದ ಮೇಲೆ ನಿಂತಿದ್ದ ಅಂಗಡಿ, ಖಾನಾವಳಿ, ಚೀಟಿ ವ್ಯವಹಾರ ಎಲ್ಲವೂ ಸೊರಗಿದವು. ಮನೆ ರಿಪೇರಿಗೆ ದುಡ್ಡಿಲ್ಲದೆ ಸುಣ್ಣ ಬಳಿಯುವುದನ್ನೂ ಜನ ಮುಂದೂಡಿದರು. ಕಟ್ಟಡಗಳು ಹಳತಾಗಿ ಬಡಾವಣೆ ಕೆಟ್ಟಿತು ಎನ್ನುವುದು ತಲೆಕೆಳಗಾದ ಮಾತು. ಕೆಲಸ ಹೋಯಿತು, ಆಮೇಲೆ ಕಟ್ಟಡ ಕೆಟ್ಟಿತು.

ಈ ಕ್ರಮ ಮನಸ್ಸಿನಲ್ಲಿದ್ದರೆ ನಿಮ್ಮ ತಮ್ಮನ ವಾದದಲ್ಲಿ ಯಾವುದು ನಿಜ, ಯಾವುದು ಭ್ರಮೆ ಎಂಬುದು ಸ್ಪಷ್ಟವಾಗುತ್ತದೆ. ಬಿನ್ನಿ ಮಿಲ್ಲಿನ ನೆಲದಲ್ಲಿ ಮಾಲ್ ಮತ್ತು ಎತ್ತರದ ವಸತಿ ಕಟ್ಟಡಗಳು ಬಂದಿವೆ. ರಾಜಾ ಮಿಲ್ಲಿನ ನೆಲದಲ್ಲೂ ಮಾಲ್ ಬಂದಿದೆ, ಎದುರಿನ ಮೆಟ್ರೋ ನಿಲ್ದಾಣಕ್ಕೆ ಅದರದೇ ಹೆಸರು ಸೇರಿಕೊಂಡಿದೆ. 2015ರ ನವೆಂಬರ್‌ನಲ್ಲಿ ಮೈಸೂರು ರಸ್ತೆಯಿಂದ ಮಾಗಡಿ ರಸ್ತೆಯವರೆಗೆ ಮೆಟ್ರೋ ಓಡಿತು. 2016ರ ಏಪ್ರಿಲ್ ಕೊನೆಯಲ್ಲಿ ಸುರಂಗ ಮಾರ್ಗ ತೆರೆದಾಗ ಊರಿನ ಪೂರ್ವ ಭಾಗಕ್ಕೂ ನೇರ ದಾರಿಯಾಯಿತು. ಇವುಗಳಿಂದ ನೆಲದ ಬೆಲೆ ಏರಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೆಲದ ಬೆಲೆ ಮಾರುವವನಿಗೆ ಆದಾಯ, ಅಲ್ಲೇ ಇರುವವನಿಗೆ ಖರ್ಚು. ಮೆಟ್ರೋ ನಿಮ್ಮ ಗಲ್ಲಿಯ ಹುಡುಗಿಯೊಬ್ಬಳನ್ನು ದೂರದ ಕಚೇರಿಯ ಕೆಲಸಕ್ಕೆ ತಲುಪಿಸಿದರೆ ಅದು ಚೇತರಿಕೆ. ಅದೇ ಮೆಟ್ರೋದ ಹೆಸರಿನಲ್ಲಿ ಆಕೆಯ ಮನೆಯ ಬಾಡಿಗೆ ಏರಿ ಕುಟುಂಬವೇ ಊರಾಚೆಗೆ ಹೋದರೆ, ಚೇತರಿಸಿಕೊಂಡದ್ದು ಬಡಾವಣೆಯ ಹೆಸರು ಮಾತ್ರ.

ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್ ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ಕಾರ್ಮಿಕ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅನೇಕ ಗಿರಣಿಗಳು ಮತ್ತೆ ಸರಿಯಾಗಿ ನಡೆಯಲೇ ಇಲ್ಲ. 1991ರ ನಿಯಮ ಗಿರಣಿ ನೆಲವನ್ನು ಮೂರು ಪಾಲು ಮಾಡಿ, ಒಂದನ್ನು ಬಯಲು ಜಾಗಕ್ಕೆ, ಒಂದನ್ನು ಸಾರ್ವಜನಿಕ ವಸತಿಗೆ, ಒಂದನ್ನು ಮಾಲೀಕರಿಗೆ ಬಿಡಬೇಕೆಂದಿತ್ತು. 2001ರ ತಿದ್ದುಪಡಿಯು ಆ ಹಂಚಿಕೆಯನ್ನು ಗಿರಣಿಯ ಖಾಲಿ ನೆಲಕ್ಕಷ್ಟೇ ಸೀಮಿತಗೊಳಿಸಿದ್ದರಿಂದ ಊರಿಗೂ ಕಾರ್ಮಿಕರಿಗೂ ಬರಬೇಕಿದ್ದ ಪಾಲು ಬಹಳ ಕುಗ್ಗಿತು, 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮವಿದ್ದ ಊರಿನಲ್ಲೇ ಹೀಗಾಯಿತು. ನಮ್ಮಲ್ಲಿ ಅಂಥ ಮೂರು ಪಾಲಿನ ಹಂಚಿಕೆಯೂ ಇರಲಿಲ್ಲ. ಆದ್ದರಿಂದ ದೊಡ್ಡ ಗಿರಣಿ ನೆಲಗಳ ಕತೆ ನಿಮ್ಮ ಕೈಮೀರಿ ಮುಗಿದಿದೆ. ಗಲ್ಲಿಯ ಭವಿಷ್ಯ ಇನ್ನು ಉಳಿದಿರುವುದು ನಿಮ್ಮಂಥ ಸಣ್ಣ ನಿವೇಶನಗಳ ಮಾಲೀಕರ ತೀರ್ಮಾನದಲ್ಲಿ.

ಬಿಲ್ಡರ್ ತೋರಿಸಿದ ನಕ್ಷೆಯಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ನಾಲ್ಕು ಮಹಡಿಗಳಲ್ಲ, ನೆಲಮಟ್ಟದ ಪಾರ್ಕಿಂಗ್. ಇಂದು ನಿಮ್ಮ ನೆಲಮಟ್ಟದಲ್ಲಿ ಒಂದು ಹೊಲಿಗೆ ಯಂತ್ರ ಓಡುತ್ತದೆ, ಜಗಲಿಯ ಮೇಲೆ ಊದುಬತ್ತಿ ಒಣಗುತ್ತದೆ, ಬಾಗಿಲಲ್ಲಿ ಕೂತವರು ಗಲ್ಲಿಗೆ ಕಣ್ಣಾಗಿರುತ್ತಾರೆ. ಊದುಬತ್ತಿ ಹೊಸೆಯುವವರಿಗೆ ಮನೆಯೇ ಕಾರ್ಖಾನೆ. ಅವರನ್ನು ಮೂರನೆಯ ಮಹಡಿಗೆ ಹಾಕಿದರೂ ಕೆಲಸ ಕೊಂದಂತೆ, ಏಕೆಂದರೆ ಹಿಟ್ಟಿನ ಚೀಲ ಏರಿಸಲು, ಕಡ್ಡಿ ಹರವಲು ಅಲ್ಲಿ ಅನುಕೂಲವಿಲ್ಲ. ಒಂದಾದ ಮೇಲೊಂದು ಮನೆ ಪಾರ್ಕಿಂಗ್ ಮೇಲೆ ಎದ್ದು ನಿಂತ ಗಲ್ಲಿಗಳನ್ನು ನೀವೇ ನೋಡಿರುತ್ತೀರಿ: ಸಾಲಾಗಿ ಕಬ್ಬಿಣದ ಗೇಟುಗಳು, ಅವುಗಳ ಹಿಂದೆ ಬೈಕುಗಳು, ಸಂಜೆಯಾದರೆ ಯಾರೂ ಇಲ್ಲದ ರಸ್ತೆ. ಗಿರಣಿ ಹೋದ ಮೇಲೂ ಈ ಭಾಗವನ್ನು ಜೀವಂತವಾಗಿಟ್ಟದ್ದು ನೆಲಮಟ್ಟದ ಸಣ್ಣ ಕೆಲಸಗಳು; ಮಗ್ಗ, ಮುದ್ರಣ, ಹೊಲಿಗೆ, ತಿಂಡಿ ಮಾಡಿ ಮಾರುವುದು. ನೀವು ಯಾವ ದಾರಿ ಹಿಡಿದರೂ ಬೀದಿಗೆ ತೆರೆದ ಆ ಹತ್ತಡಿ ಕೋಣೆಯನ್ನು ಬಿಟ್ಟುಕೊಡಬೇಡಿ ಎಂಬುದು ನನ್ನ ಖಚಿತ ಸಲಹೆ. ನಿಮ್ಮ ಆಸ್ತಿಯಲ್ಲಿ ಸದಾ ದುಡಿಯುವ ಭಾಗ ಅದೇ.

ಇನ್ನು ಮನೆಯ ಗಟ್ಟಿತನ. ಸುಣ್ಣದ ಗಾರೆಗೆ ಇಂತಿಷ್ಟೇ ವರ್ಷ ಎಂಬ ಆಯಸ್ಸಿಲ್ಲ. ಇಟ್ಟಿಗೆ ಮತ್ತು ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ; ಹೀಗೆ ಉಸಿರಾಡುವುದರಿಂದಲೇ ಅದು ಬಾಳುತ್ತದೆ. ನಾನು ನೋಡಿದ ಬಿರುಕುಗಳಲ್ಲಿ ಬಹಳಷ್ಟಕ್ಕೆ ಕಾರಣ ಮೂಲ ಕಟ್ಟಡವಲ್ಲ, ನಂತರ ಮಾಡಿದ ಕೆಲಸ. ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ. ಒಂದಂತಸ್ತಿಗೆಂದು ಹಾಕಿದ ಪಾಯದ ಮೇಲೆ ಕಾಂಕ್ರೀಟ್ ಮಹಡಿ ಏರಿಸಿದರೆ ಭಾರ ತಾಳದೆ ಗೋಡೆ ಓರೆಯಾಗುತ್ತದೆ. ಮೋರಿ ಅಥವಾ ಒಳಚರಂಡಿ ಪೈಪು ಸೋರಿ ಪಾಯದ ಕೆಳಗಿನ ಮಣ್ಣು ಕೊಚ್ಚಿಹೋದರೆ ಮೂಲೆಯಲ್ಲಿ ಮೆಟ್ಟಿಲಿನಾಕಾರದ ಬಿರುಕು ಕಾಣುತ್ತದೆ. ಮರದ ತೊಲೆಗಳ ತಾರಸಿಯಾಗಿದ್ದರೆ, ತೊಲೆ ಕೊಳೆಯುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಅಲ್ಲಿ ಉಳಿಯಿಂದ ಚುಚ್ಚಿ ನೋಡಬೇಕು, ಸಲೀಸಾಗಿ ಒಳಗಿಳಿದರೆ ಆ ತೊಲೆಯನ್ನು ನಂಬಬಾರದು.

ಬಿರುಕು ಹಳೆಯದೋ ಬೆಳೆಯುತ್ತಿರುವುದೋ ಎಂದು ತಿಳಿಯಲು ಅದರ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಗಾರೆಯಿಂದ ಎರಡೂ ಬದಿಗೆ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಒಂದು ಮಳೆಗಾಲ ಕಳೆದರೂ ಗಾಜು ಒಡೆಯದಿದ್ದರೆ ಗೋಡೆಯ ಚಲನೆ ನಿಂತಿದೆ ಎಂದರ್ಥ. ಒಡೆದರೆ ಅದು ಚಲಿಸುತ್ತಿದೆ, ಆಗ ತಡಮಾಡಬಾರದು. ತೊಲೆಯ ತುದಿ ಕೊಳೆತಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ, ಆ ಕೋಣೆಯಲ್ಲಿರುವವರನ್ನು ಇಂದೇ ಬೇರೆಡೆ ಮಲಗಿಸಿ. ಈ ಪರೀಕ್ಷೆಯನ್ನು ಕಟ್ಟಡದಲ್ಲಿ ಹಣದ ಆಸಕ್ತಿಯಿಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಮಾಡಲಿ. ಕೆಡವಿದರೆ ಲಾಭವಿರುವವರ ಕಡೆಯ ಎಂಜಿನಿಯರ್ ವರದಿಯನ್ನಷ್ಟೇ ಓದಿ ಮನೆ ಬಿಡಬೇಡಿ.

ಬಾಡಿಗೆಯವರ ಬಗ್ಗೆ ನಿಮ್ಮನ್ನು ಹೆದರಿಸಿರುವ ಮಾತು ಸುಳ್ಳು. ನಿಮ್ಮ ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇರುವವರು ಎಷ್ಟು ವರ್ಷ ಇದ್ದರೂ ಅದರಿಂದಲೇ ಮಾಲೀಕರಾಗುವುದಿಲ್ಲ. 12 ವರ್ಷ ಸ್ವಾಧೀನದಲ್ಲಿದ್ದರೆ ಹಕ್ಕು ಬರುತ್ತದೆ ಎಂಬ ಲೆಕ್ಕ ಮಾಲೀಕರ ಹಕ್ಕನ್ನೇ ಅಲ್ಲಗಳೆದು ಎದುರಾಗಿ ಸ್ವಾಧೀನದಲ್ಲಿರುವವರ ಸಂಗತಿ. ಹಾಗೆಂದು ಅವರಿಗೆ ಹಕ್ಕೇ ಇಲ್ಲವೆಂದೂ ಅಲ್ಲ. ಅವರು ಒಪ್ಪದಿದ್ದರೆ ತೆರವು ನ್ಯಾಯಾಲಯದ ಮೂಲಕವೇ ಆಗಬೇಕು. ನೀರು, ಕರೆಂಟು ನಿಲ್ಲಿಸಿ ಓಡಿಸುವುದು ಕಾನೂನಿಗೆ ವಿರುದ್ಧ. ಟೈಲರ್ ಅಂಗಡಿಯದು ಸ್ವಲ್ಪ ಬೇರೆ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗಳಿಗೆ, ವಾಣಿಜ್ಯ ಜಾಗವಾದರೆ 14 ಚದರ ಮೀಟರ್ ಮೀರದವುಗಳಿಗೆ ರಕ್ಷಣೆ ಕೊಡುತ್ತದೆ. ಹತ್ತಡಿ ಚೌಕದ ಅಂಗಡಿ ಸುಮಾರು 9.3 ಚದರ ಮೀಟರ್. 3,000 ಬಾಡಿಗೆ ಸೇರಿದರೆ ಅವರು ಈ ಕಾಯಿದೆಯ ನೆರಳಿನಲ್ಲಿ ಬರುವಂತೆ ಕಾಣುತ್ತದೆ. ಬಿಲ್ಡರ್ ಬಾಯಿಮಾತಿನಲ್ಲಿ ಅವರನ್ನು ಎಬ್ಬಿಸುವ ಭರವಸೆ ಕೊಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನಿಮ್ಮ ಪತ್ರದಲ್ಲಿ ಹಗುರವಾಗಿ ಹೇಳಿಹೋದ ಭೋಗ್ಯದ ಹಣವೇ ನನ್ನ ಕಣ್ಣಿಗೆ ಎಲ್ಲಕ್ಕಿಂತ ಭಾರವಾದದ್ದು. 22 ಲಕ್ಷ ನಿಮ್ಮ ಆದಾಯವಲ್ಲ, ಮೂರು ಸಂಸಾರಗಳ ಜೀವಮಾನದ ಉಳಿತಾಯ ನಿಮ್ಮ ಬಳಿ ಸಾಲವಾಗಿ ನಿಂತಿದೆ. ಬಿಲ್ಡರ್ ಖಾಲಿ ಜಾಗ ಕೇಳಿದ ದಿನ ಆ ಹಣ ಒಟ್ಟಿಗೆ ಹಿಂತಿರುಗಿಸಬೇಕು. ಅದನ್ನು ತಾನೇ ಕೊಡುತ್ತೇನೆ ಎಂದು ಅವರು ಹೇಳಬಹುದು. ಆಗ ಅದು ನಿಮ್ಮ ಅರ್ಧದಿಂದ ಕಳೆಯಲ್ಪಡುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಅದನ್ನು ತಪ್ಪಿಸಲು ಬರೆಯುವ 11 ತಿಂಗಳ ಕಾಗದ, ಬಿಳಿ ಹಾಳೆಯ ಕರಾರು ಇಬ್ಬರಿಗೂ ಕಷ್ಟ ತರುತ್ತವೆ. ಆ ಮೂವರಿಗೂ ಪಡೆದ ಮೊತ್ತ, ದಿನಾಂಕ ನಮೂದಿಸಿದ ಸ್ಪಷ್ಟ ದಾಖಲೆ ಕೊಡಿ. ಅವರ ಭಯ ಕಡಿಮೆಯಾದರೆ ಮಾತುಕತೆಯೂ ಸುಲಭವಾಗುತ್ತದೆ.

ಕಾಗದಪತ್ರಗಳಲ್ಲಿ ನೀವು ಕಾಣದ ಒಂದು ತೊಡಕಿದೆ. ಖಾತೆ ತೆರಿಗೆ ಕಟ್ಟುವವರ ದಾಖಲೆ, ಮಾಲೀಕತ್ವದ ಪತ್ರವಲ್ಲ. ಅದು ತಾತನ ಹೆಸರಿನಲ್ಲಿದೆ ಎಂದರೆ ವಾರಸುದಾರಿಕೆ ಎಂದೂ ಇತ್ಯರ್ಥವಾಗಿಲ್ಲ ಎಂದರ್ಥ. ತಂದೆ ಒಬ್ಬನೇ ಮಗ ಎಂದಿರಿ, ಸೋದರತ್ತೆಯರ ಸುದ್ದಿ ಎತ್ತಲಿಲ್ಲ. ತಾತ ಸ್ವಂತ ದುಡಿಮೆಯಿಂದ ಕೊಂಡು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರಿಲ್ಲದಿದ್ದರೆ ಅವರ ಮಕ್ಕಳಿಗೆ. ನಿಮ್ಮ ತಂಗಿಯ ಪಾಲೂ ಹಾಗೆಯೇ. ಮದುವೆಯಲ್ಲಿ ಕೊಟ್ಟದ್ದು ಆಸ್ತಿಯ ಹಕ್ಕನ್ನು ಅಳಿಸುವುದಿಲ್ಲ, ಮತ್ತು ಪಿತ್ರಾರ್ಜಿತ ಆಸ್ತಿಯಾದರೂ ಮಗಳು ಹುಟ್ಟಿನಿಂದಲೇ ಸಮಪಾಲುದಾರಳು ಎಂದು 2005ರ ತಿದ್ದುಪಡಿಯನ್ನು ವ್ಯಾಖ್ಯಾನಿಸಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇವರೆಲ್ಲರನ್ನು ಮನೆಗೆ ಕರೆದು ಮಾತನಾಡಿಸಿ. ಯಾರಾದರೂ ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಲಿ, ಇಲ್ಲದಿದ್ದರೆ ವಿಭಾಗ ಪತ್ರದಲ್ಲಿ ಪಾಲು ಕಾಣಲಿ. ಅರ್ಧ ಕಟ್ಟಿದ ಕಟ್ಟಡಕ್ಕೆ ಸೋದರತ್ತೆಯ ಮಗ ತಡೆಯಾಜ್ಞೆ ತಂದು, ಕೆಡವಿದ ಮನೆಯೂ ಇಲ್ಲದೆ ಹೊಸ ಮನೆಯೂ ಇಲ್ಲದೆ ಒಂದು ಕುಟುಂಬ ಹಲವು ವರ್ಷ ಬಾಡಿಗೆ ಮನೆಯಲ್ಲಿ ಕಳೆದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಈ ಹಿನ್ನೆಲೆಯಲ್ಲಿ ಬಿಲ್ಡರ್ ಪ್ರಸ್ತಾಪವನ್ನು ಎಣಿಸಿ ನೋಡೋಣ. ಎಂಟರಲ್ಲಿ ನಾಲ್ಕು ಫ್ಲ್ಯಾಟ್ ನಿಮ್ಮದು. ಅಮ್ಮನಿಗೆ, ನಿಮಗೆ, ತಮ್ಮನಿಗೆ, ತಂಗಿಗೆ ಒಂದೊಂದು ಎಂದರೆ ಬಾಡಿಗೆಗೆ ಕೊಡಲು ಮನೆಯೇ ಉಳಿಯದು. ಅಂಗಡಿಯ ಆದಾಯ ಹೋಗುತ್ತದೆ, 22 ಲಕ್ಷದ ಋಣ ಉಳಿಯುತ್ತದೆ, ನೆಲದ ಹಕ್ಕಿನಲ್ಲಿ ಅಪರಿಚಿತ ನಾಲ್ವರು ಸೇರಿಕೊಳ್ಳುತ್ತಾರೆ. ನಾಲ್ಕು ಮಹಡಿಗೆ ನಿಮ್ಮ ಗಲ್ಲಿಯ ಅಗಲದಲ್ಲಿ ಪರವಾನಗಿ ಸಿಗುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ, ಏಕೆಂದರೆ ಎಷ್ಟು ಕಟ್ಟಬಹುದೆಂಬುದನ್ನು ರಸ್ತೆಯ ಅಗಲ ನಿರ್ಧರಿಸುತ್ತದೆ. ಮೊದಲೆಲ್ಲ ಒಂದು ಮಹಡಿ ಹೆಚ್ಚು ಕಟ್ಟಿ, ಆಮೇಲೆ ನೋಡಿಕೊಳ್ಳೋಣ ಎನ್ನುತ್ತಿದ್ದರು. ಮಂಜೂರಾದ ನಕ್ಷೆಯಂತೆ ಕಟ್ಟಲಾಗಿದೆ, ವಾಸಿಸಬಹುದು ಎಂದು ಹೇಳುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದ ಮೇಲೆ ಆ ಧೈರ್ಯ ದುಬಾರಿಯಾಗಿದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯಿದೆ, ಕಾಪಾಡುತ್ತದೆ ಎಂದು ಭಾವಿಸಬೇಡಿ: 500 ಚದರ ಮೀಟರ್ ಮೀರದ ನೆಲದ ಯೋಜನೆಗಳಿಗೆ ಅಲ್ಲಿ ನೋಂದಣಿ ಕಡ್ಡಾಯವಲ್ಲ, ನಿಮ್ಮ 2,400 ಚದರ ಅಡಿ ಸುಮಾರು 223 ಚದರ ಮೀಟರ್ ಮಾತ್ರ.

ಆದರೂ ಬಿಲ್ಡರ್ ಹೇಳುವಂತೆ ಕಟ್ಟಿಸಿ ಹಂಚಿಕೊಳ್ಳುವ ಜಂಟಿ ಅಭಿವೃದ್ಧಿಯೇ ಬೇಕೆಂದರೆ ಒಪ್ಪಂದ ನೋಂದಣಿಯಾಗಲಿ, ಅದರಲ್ಲಿ ಮಂಜೂರಾದ ನಕ್ಷೆಯೇ ಅಡಕವಾಗಿರಲಿ. ಬಿಲ್ಡರ್‌ಗೆ ಕೊಡುವ ಅಧಿಕಾರ ಪತ್ರ ಅವರ ಪಾಲಿನ ಫ್ಲ್ಯಾಟ್‌ಗಳಿಗೆ ಸೀಮಿತವಾಗಿರಲಿ, ಅದೂ ನಿಮ್ಮ ಮನೆಗಳ ಕೆಲಸ ಮುಗಿದ ಹಂತಕ್ಕೆ ತಕ್ಕಂತೆ ಜಾರಿಗೆ ಬರಲಿ. ಕಟ್ಟುವವರೆಗಿನ ಬಾಡಿಗೆ, ತಡವಾದರೆ ತಿಂಗಳ ಪರಿಹಾರ, ನೆಲಮಟ್ಟದ ಅಂಗಡಿ ನಿಮ್ಮ ಪಾಲಿಗೆ, ಟೈಲರ್ ಮತ್ತು ಊದುಬತ್ತಿಯ ತಾಯಿಗೆ ಹಿಂತಿರುಗುವ ಹಕ್ಕು ಇವನ್ನು ಒಪ್ಪಂದದಲ್ಲೇ ಬರೆಸಿ. ವೈಯಕ್ತಿಕ ಮಾಲೀಕರಿಗೆ ನೋಂದಾಯಿತ ಜಂಟಿ ಒಪ್ಪಂದದಲ್ಲಿ ಬಂಡವಾಳ ಲಾಭದ ತೆರಿಗೆ ಸಾಮಾನ್ಯವಾಗಿ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ದೊರೆತ ವರ್ಷದಲ್ಲಿ ಬೀಳುತ್ತದೆ, 2017ರಿಂದ ಬಂದ ಅನುಕೂಲವಿದು. ಆದರೆ ಅದಕ್ಕೂ ಮುಂಚೆ ನಿಮ್ಮ ಪಾಲನ್ನು ಮಾರಿದರೆ ತೆರಿಗೆ ಆಗಲೇ ಬರುತ್ತದೆ.

ಪೂರ್ತಿ ಮಾರಿಬಿಡುವುದು ಕಾನೂನಿನ ದೃಷ್ಟಿಯಿಂದ ಸರಳ, ಆದರೆ ಭೋಗ್ಯ, ತೆರಿಗೆ, ಪಾಲು ಕಳೆದು ಉಳಿದ ಹಣದಲ್ಲಿ ಮೆಟ್ರೋಗೆ ಇಷ್ಟು ಹತ್ತಿರ ಮತ್ತೆ ಮನೆ ಸಿಗುವುದಿಲ್ಲ. ಏನೂ ಮಾಡದೆ ಬೆಲೆ ದುಪ್ಪಟ್ಟಾಗಲಿ ಎಂದು ಕಾಯುವುದನ್ನಂತೂ ನಾನು ಒಪ್ಪಲಾರೆ. ಸೋರುವ ಮನೆ ಕಾಯುವುದಿಲ್ಲ.

ನಿಮ್ಮ ಸ್ಥಾನದಲ್ಲಿದ್ದರೆ ನಾನು ಯೋಚಿಸುತ್ತಿದ್ದ ದಾರಿ ಮೂರನೆಯದು, ಹಂತಹಂತವಾಗಿ ನೀವೇ ಮಾಡುವುದು. ಎಂಜಿನಿಯರ್ ವರದಿಯಲ್ಲಿ ಹಿಂಭಾಗ ಗಟ್ಟಿಯಿದ್ದರೆ ಮೊದಲು ಒಳಚರಂಡಿ ಬದಲಿಸಿ, ಸಿಮೆಂಟ್ ಗಿಲಾವು ಕಿತ್ತು ಸುಣ್ಣದ ಗಾರೆ ಬಳಿದು, ಕೊಳೆತ ತೊಲೆಗಳನ್ನು ಬದಲಿಸಿ. ಪ್ರತಿ ಮನೆಗೂ ಒಳಗೇ ಶೌಚಾಲಯ, ನಲ್ಲಿ ಬರುವಂತೆ ಮಾಡಿದರೆ ಅದೇ ವಠಾರದ ಬಾಡಿಗೆ ನ್ಯಾಯವಾಗಿ ಏರುತ್ತದೆ. ಹಕ್ಕುಪತ್ರಗಳು ಸರಿಯಾದ ಮೇಲೆ ಬ್ಯಾಂಕ್ ಸಾಲದಿಂದ ಮುಂಭಾಗವನ್ನು ಮಾತ್ರ ಕೆಡವಿ, ಕೆಳಗೆ ಅಂಗಡಿ ಉಳಿಸಿ ಮೇಲೆ ಎರಡು ಮನೆ ಕಟ್ಟಬಹುದು. ಆ ಬಾಡಿಗೆಯಿಂದ ಭೋಗ್ಯದವರ ಹಣವನ್ನು ಒಬ್ಬೊಬ್ಬರಾಗಿ ತೀರಿಸುತ್ತ ಬರಬಹುದು. ಇದರಲ್ಲಿ ಅಪಾಯವಿಲ್ಲದಿಲ್ಲ. ಸಾಲದ ಕಂತು ಬಾಡಿಗೆ ಬರುವ ಮೊದಲೇ ಶುರುವಾಗುತ್ತದೆ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಅಣ್ಣತಮ್ಮಂದಿರಲ್ಲಿ ಒಬ್ಬರು ಅರ್ಧದಲ್ಲಿ ಮನಸ್ಸು ಬದಲಿಸಿದರೆ ಕೆಲಸ ನಿಲ್ಲುತ್ತದೆ. ವರದಿ ಪ್ರತಿಕೂಲವಾಗಿ ಬಂದು ಇಡೀ ಕಟ್ಟಡ ಕೆಡವಲೇಬೇಕಾದರೆ, ಆಗ ಮೇಲೆ ಹೇಳಿದ ಷರತ್ತುಗಳೊಂದಿಗೆ ಬಿಲ್ಡರ್ ಬಳಿ ಹೋಗುವುದೇ ಸರಿ. ತಮ್ಮನಿಗೆ ನಗದು ತುರ್ತಾಗಿ ಬೇಕಿರುವುದು ಅವರ ಉತ್ಸಾಹದ ಹಿಂದಿನ ಕಾರಣವಾಗಿದ್ದರೆ ಅದನ್ನು ಮುಚ್ಚಿಡದೆ ಮಾತನಾಡಿ. ಮನೆ ಕೆಡವದೆಯೂ ಅದಕ್ಕೆ ಬೇರೆ ದಾರಿ ಸಿಗಬಹುದು.

ಬಿಲ್ಡರ್ ಕೊಡಬಂದ ಮುಂಗಡವನ್ನು ಸದ್ಯಕ್ಕೆ ಮುಟ್ಟಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತಾತನ ಕ್ರಯಪತ್ರ ಹುಡುಕಿ ತೆಗೆಯಿರಿ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ, ಸೋದರತ್ತೆಯರನ್ನೂ ಸೇರಿಸಿ ವಂಶವೃಕ್ಷ ಬರೆಸಿ, ಮಳೆ ಹಿಡಿಯುವ ಮುಂಚೆ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ. ಊದುಬತ್ತಿಯ ತಾಯಿ ಮಲಗುವ ಕೋಣೆಯ ತೊಲೆಯ ತುದಿಯನ್ನು ಮೊದಲು ನೋಡಿ.